ರುಚಿ ನೋಡದೆ ಮಾಡಿದ ಸ್ಯಾಂಡ್‌ವಿಚ್

ನನ್ನ ಜೀವನದ ಅರ್ಧ ಫಜೀತಿಗಳು ನಾನು ಉಪಚಾರಕ್ಕೆಂದು ಆಡಿದ ಮಾತುಗಳಿಂದ ಆದವು. ಉಳಿದರ್ಧ, ಬೇರೆಯವರು ಉಪಚಾರಕ್ಕೆ ಆಡಿದ್ದನ್ನು ನಾನು ನಿಜವೆಂದು ನಂಬಿದ್ದರಿಂದ. ಮೈಸೂರಿನಲ್ಲಿದ್ದಾಗ ಇದೊಂದು ಕಾಯಿಲೆ ಅಂತಲೇ ಗೊತ್ತಾಗಿರಲಿಲ್ಲ, ಅಲ್ಲಿ ಎಲ್ಲರಿಗೂ ಇತ್ತು. ಟೆಕ್ಸಸ್‌ಗೆ ಬಂದು ಇಷ್ಟು ವರ್ಷವಾಯಿತು. ಮನೆ ಶಿಫ್ಟ್ ಆಯಿತು, ಕೆಲಸ ಶಿಫ್ಟ್ ಆಯಿತು, ನಾಲಿಗೆ ಮಾತ್ರ ಇನ್ನೂ ಮೈಸೂರಿನಲ್ಲೇ ಇದೆ. ಈಚೆಗೆ ಅದು ಮಾಡಿದ ಘನಕಾರ್ಯ ಇದು.

೧. ಏನು ಬೇಕಾದರೂ ಕೇಳಿ

ನಾವೀಗ ಇರುವ ಫ್ಲೂಗರ್‌ವಿಲ್‌ನಲ್ಲಿ ನಮ್ಮ ಪಕ್ಕದ ಮನೆಯವರು ಅಪ್ಪಟ ಟೆಕ್ಸಸ್‌ನ ಅಜ್ಜ, ಅಜ್ಜಿ. ಅಜ್ಜಿ ಮಾತಿನ ಮಲ್ಲಿ. ಅಜ್ಜ ವಾರಕ್ಕೆ ಒಂದು ಮಾತಾಡಿದರೆ ಹೆಚ್ಚು. ಅವರದೊಂದು ಪಿಕಪ್ ಟ್ರಕ್ ಇದೆ, ನಾವು ಮೈಸೂರಿನಲ್ಲಿ ಬಾಡಿಗೆಗಿದ್ದ ಮನೆಗಿಂತ ಸ್ವಲ್ಪ ದೊಡ್ಡದು. ಒಂದು ಚಳಿಗಾಲ ಊರಿಗೆಲ್ಲ ಕರೆಂಟ್ ಹೋಗಿ, ಮನೆಯೊಳಗೆ ನಮ್ಮ ಉಸಿರು ನಮಗೇ ಕಾಣುತ್ತಿದ್ದಾಗ, ಈ ಅಜ್ಜಿಯೇ ಬಂದು ಬಾಗಿಲು ಬಡಿದು, ನನ್ನನ್ನೂ ಗಂಡನನ್ನೂ ಮಗಳನ್ನೂ ಕರೆದುಕೊಂಡು ಹೋಗಿ ತಮ್ಮ ಮನೆಯ ಬೆಂಕಿಯ ಮುಂದೆ ಕೂರಿಸಿದ್ದರು. ಅದನ್ನು ನಾವು ಮರೆತಿಲ್ಲ.

ಅಂಥ ಅಜ್ಜಿಗೆ ಸೊಂಟದ ಆಪರೇಷನ್ ಆಯಿತು. ಸೊಂಟ ಸರಿಹೋಯಿತು, ಬಾಯಿ ಕೆಟ್ಟಿತು. ಯಾವ ಔಷಧಿಯ ಪ್ರಭಾವವೋ, ಏನು ತಿಂದರೂ ರಟ್ಟು ಅಗಿದ ಹಾಗೆ ಅನ್ನುತ್ತಿದ್ದರು. ಬೀದಿಯವರೆಲ್ಲ ಸರದಿಯ ಮೇಲೆ ರಾತ್ರಿ ಊಟ ತಂದುಕೊಡುತ್ತಿದ್ದರು. ಅಜ್ಜಿ ಎರಡು ಚಮಚ ತಿಂದು ತಟ್ಟೆ ತಳ್ಳುವರು. ಇಳಿದು ಇಳಿದು ಕುರ್ಚಿಯಲ್ಲಿ ಅರ್ಧವಾಗಿದ್ದರು. 'ಹೀಗೇ ಆದರೆ ಮತ್ತೆ ಅಡ್ಮಿಟ್ ಮಾಡಬೇಕಂತೆ' ಎಂದು ಅಜ್ಜ ಬೇಲಿಯ ಪಕ್ಕ ನಿಂತು ನನಗೆ ಹೇಳಿದರು. ಅದು ಆ ವಾರದ ಅವರ ಮಾತು.

ನೋಡಲು ಹೋದೆ. ಕೈ ಹಿಡಿದುಕೊಂಡು, 'ಭಾನುವಾರ ನಮ್ಮ ಸರದಿ. ಸಂಕೋಚ ಬೇಡ. ಏನು ಬೇಕಾದರೂ ಕೇಳಿ, ನಾನೇ ಮಾಡಿಕೊಡ್ತೀನಿ' ಎಂದೆ.

ನಮ್ಮ ಕಡೆ ಈ ಮಾತಿಗೆ ಇರುವುದು ಒಂದೇ ಉತ್ತರ: 'ಅಯ್ಯೋ, ಏನೂ ಬೇಡಮ್ಮ, ನೀನು ಬಂದಿದ್ದೇ ಸಾಕು.' ಆಮೇಲೆ ನಾವು ನಮಗೆ ಬರುವ ಸಾರು, ಅನ್ನ ಕೊಡುತ್ತೇವೆ. ಅವರು ಅಮೃತ ಅನ್ನುತ್ತಾರೆ. ಅಲ್ಲಿಗೆ ಮುಗಿಯಿತು. ಅಜ್ಜಿಗೆ ಈ ಪದ್ಧತಿ ಯಾರೂ ಹೇಳಿಕೊಟ್ಟಿರಲಿಲ್ಲ. ಅವರು ಕಣ್ಣು ಮುಚ್ಚಿ ನಿಜವಾಗಿಯೂ ಯೋಚಿಸಿದರು.

'ಚಿಕ್ಕವಳಿದ್ದಾಗ ರಾತ್ರಿ ಊಟಕ್ಕೆ ನಮ್ಮಮ್ಮ ಒಂದು ಬೀಫ್ ಸ್ಯಾಂಡ್‌ವಿಚ್ ಮಾಡ್ತಿದ್ದಳು. ಬಾಣಲೆಯಲ್ಲಿ ಖೀಮಾ ಹುರಿದು, ಈರುಳ್ಳಿ, ಟೊಮ್ಯಾಟೊ ಹಾಕಿ, ಬನ್ನಿನ ಮಧ್ಯೆ ಪಕ್ಕದಿಂದೆಲ್ಲ ಸುರಿಯೋ ಹಾಗೆ ತುಂಬಿ... ಅದೊಂದಾದರೆ ತಿಂತೀನೇನೋ ಅನ್ಸುತ್ತೆ.'

ಕಣ್ಣು ಬಿಟ್ಟು ನನ್ನನ್ನು ನೋಡಿದರು. ಆಪರೇಷನ್ ಆದಮೇಲೆ ಆ ಕಣ್ಣಿನಲ್ಲಿ ನಾನು ಹಸಿವು ಕಂಡದ್ದು ಅದೇ ಮೊದಲು.

'ಓ, ಅಷ್ಟೇನಾ?' ಎಂದಿತು ನನ್ನ ನಾಲಿಗೆ. ಹುಟ್ಟಿದಾಗಿನಿಂದ ಆಮ್ಲೆಟ್ಟಿನ ರುಚಿಯನ್ನೂ ಕಾಣದ ನಾಲಿಗೆ.

೨. ಅತ್ತೆಯವರ ತೀರ್ಪು

ಆ ಹೊತ್ತಿಗೆ ಧಾರವಾಡದಿಂದ ನಮ್ಮ ಅತ್ತೆ ಬಂದು ನಾಲ್ಕು ತಿಂಗಳಾಗಿತ್ತು. ಅವರು ಬಂದ ದಿನದಿಂದ ನಮ್ಮ ಮನೆಯಲ್ಲಿ ಈರುಳ್ಳಿಯೂ ರಜೆಯ ಮೇಲಿತ್ತು. ಬೆಳಿಗ್ಗೆ ಮಡಿಯಲ್ಲಿ ಅಡುಗೆ, ಪೂಜೆ, ಆಮೇಲೆ ಕಿಟಕಿಯ ಹತ್ತಿರ ಕೂತು ಜಪ. ಜಪದ ಮಧ್ಯೆ ಪಕ್ಕದ ಮನೆಯ ಪಿಕಪ್ ಹೊರಟರೆ ಮಾಲೆ ತಾನಾಗಿ ನಿಲ್ಲುತ್ತಿತ್ತು. 'ಅದೇನ್ ಗಾಡಿ ಅದವಾ! ಒಂದು ಲಗ್ನದ ಮಂದಿ ಹಿಡೀತದ' ಎಂದು ದಿನಾ ಒಮ್ಮೆ ಹೇಳಿ ಮತ್ತೆ ಜಪ ಮುಂದುವರಿಸುವರು.

ಇಂಥವರಿಗೆ ಈ ವಿಷಯ ಹೇಳುವುದು ಯಾರು?

'ನೀನ ಹೇಳು. ನಿನ್ನ ಕಂಡ್ರ ಅವ್ವಗ ಭಾಳ ಗೌರವ' ಎಂದ ನನ್ನ ಗಂಡ.

'ನಿನ್ನ ತಾಯಿ ಅಲ್ವಾ?'

'ಅದಕ್ಕ ಹೇಳ್ಲಿಕ್ಕತ್ತೀನಿ.'

ಕೊನೆಗೆ ನಾನೇ ಹೇಳಿದೆ. ಅತ್ತೆ ಮಾಲೆ ತಿರುಗಿಸುತ್ತಲೇ ಕೇಳಿಸಿಕೊಂಡರು. ಮುಖದಲ್ಲಿ ಏನೂ ಬದಲಾಗಲಿಲ್ಲ.

'ಆವತ್ತು ಥಂಡ್ಯಾಗ ನಿಮ್ಮನ್ನ ಬೆಂಕಿ ಮುಂದ ಕೂಡಿಸಿದಾಕಿ ಈಕಿನ ಹೌದಲ್ಲೋ?'

'ಹೌದು ಅತ್ತೆ.'

'ಮಾಡಿಕೊಡ್ತೀನಿ ಅಂತ ನೀ ಬಾಯಿಬಿಟ್ಟು ಹೇಳೀದಿ?'

'ಹೇಳಿಬಿಟ್ಟೆ.'

'ಮತ್ತ ನನ್ನೇನು ಕೇಳ್ತಿ? ಹಾಸಿಗಿ ಹಿಡದಾಕಿ ಬೇಡ್ಯಾಳ, ಮಾಡಿಕೊಡು. ನೀ ತಿನ್ನು ಅಂತ ಯಾರೂ ಅಂದಿಲ್ಲ.'

ನನ್ನ ಗಂಡನಿಗೆ ಧೈರ್ಯ ಬಂತು. 'ಅವ್ವಾ, ಸುಮ್ನ ಹೋಟೆಲಿಂದ ತಂದುಕೊಟ್ರ ಆತಲ್ಲ?'

'ಮಾಡಿಕೊಡ್ತೀನಿ ಅಂದಾಳ. ತಂದುಕೊಡ್ತೀನಿ ಅಂದಿಲ್ಲ.'

ನಾನು ಅವರ ಕಾಲಿಗೆ ಬೀಳುವುದೊಂದು ಬಾಕಿ. ಅಷ್ಟರಲ್ಲಿ ಅತ್ತೆ ಬೆರಳೆತ್ತಿದರು. 'ಆದ್ರ ಒಂದು ಮಾತು. ನನ್ನ ಅಡಗಿಮನಿಯೊಳಗ ಅಲ್ಲ.'

ಬಂದದ್ದು ಆರು ತಿಂಗಳ ವಿಸಿಟರ್ ವೀಸಾದಲ್ಲಿ. ನನ್ನ ಅಡುಗೆಮನೆಯಲ್ಲಿ ಆಗಲೇ ಸಿಟಿಜನ್ ಆಗಿದ್ದರು.

೩. ಇರ್ವಿಂಗ್‌ನಿಂದ ಸಲಹೆ

ನಾವು ಮೊದಲು ಇದ್ದದ್ದು ಡಾಲಸ್ ಹತ್ತಿರದ ಇರ್ವಿಂಗ್‌ನಲ್ಲಿ. ನನ್ನ ಕಾಲೇಜಿನ ಗೆಳತಿ ಈಗಲೂ ಅಲ್ಲೇ ಇದ್ದಾಳೆ. ಅವಳು ಎಲ್ಲವನ್ನೂ ತಿನ್ನುತ್ತಾಳೆ, ತಿನ್ನುವುದನ್ನೆಲ್ಲ ಮಾಡಲೂ ಬರುತ್ತದೆ ಎಂದು ನಂಬಿದ್ದಾಳೆ. ಶನಿವಾರ ಮಧ್ಯಾಹ್ನ ಅವಳಿಗೆ ಫೋನ್ ಮಾಡಿದೆ.

'ಬೇಗ ಹೇಳೇ' ಎಂದು ಪಿಸುಗುಟ್ಟಿದಳು. 'ದೇವಸ್ಥಾನದಲ್ಲಿ ಪ್ರಸಾದದ ಕ್ಯೂನಲ್ಲಿದ್ದೀನಿ.'

'ಒಂದು ಅಡುಗೆ ವಿಷಯ. ಈ ಬೀಫ್...'

'ಶ್! ಹೆಸರು ಎತ್ತಬೇಡ್ವೇ. "ಅದು" ಅನ್ನು ಸಾಕು.'

'ಸರಿ. ಅದನ್ನ ಹುರಿಯೋದು ಹೇಗೆ?'

'ಬಾಣಲೆಗೆ ಹಾಕ್ಕೊಂಡು ಸೌಟಲ್ಲಿ ಪುಡಿ ಪುಡಿ ಮಾಡ್ಕೋ, ನಮ್ಮ ಉಪ್ಪಿಟ್ಟಿನ ಗಂಟು ಒಡೀತೀವಲ್ಲ ಹಾಗೆ. ಎಣ್ಣೆ ಬೇಡ, ಅದೇ ಬಿಡುತ್ತೆ.'

'ಎಷ್ಟು ಹೊತ್ತು?'

'ಅದರ ಬಣ್ಣ ತಿರುಗೋ ತನಕ.'

'ಈರುಳ್ಳಿ ಮೊದಲೋ, ಆಮೇಲೋ?'

'ಮೊದಲು. ಈರುಳ್ಳಿ ಯಾವಾಗಲೂ ಮೊದಲೇ ತಾನೇ?'

ಅಲ್ಲಿ ಏನೋ ಸರಿದಾಡಿದ ಸದ್ದಾಯಿತು. ಆಮೇಲೆ ಫೋನಿನಲ್ಲಿ ಬೇರೆ ಧ್ವನಿ, ವಯಸ್ಸಾದ, ಗಂಭೀರವಾದ ಹೆಂಗಸಿನದು. ಗೆಳತಿಯ ಮುಂದೆ ಕ್ಯೂನಲ್ಲಿ ನಿಂತಿದ್ದ ಆಂಟಿಯಂತೆ. ರೇಷ್ಮೆ ಸೀರೆ, ಕಾಸಿನಗಲ ಕುಂಕುಮ, ಕೈಯಲ್ಲಿ ಅರ್ಚನೆಯ ತಟ್ಟೆ ಎಂದು ಅವಳು ಆಮೇಲೆ ಹೇಳಿದಳು.

'ನೋಡಮ್ಮ' ಎಂದರು ಆಂಟಿ, 'ಇವಳ ಮಾತು ಕೇಳಬೇಡ. ಈರುಳ್ಳಿ ಮೊದಲು ಹಾಕಿದರೆ ನೀರು ಬಿಟ್ಟು ಅದು ಬೇಯುತ್ತೆ, ಹುರಿಯಲ್ಲ. ಅದು ಚೆನ್ನಾಗಿ ಕೆಂಪಗಾಗಲಿ, ಆಮೇಲೆ ಈರುಳ್ಳಿ. ಅದಕ್ಕೆ ಅವಸರ ಮಾಡಬಾರದು. ಹಾಂ, ಪುಳಿಯೋಗರೆ ಬಂತು, ಇಡ್ತೀನಿ.'

೪. ಪೊಟ್ಟಣ

ನಾನು ಶುಕ್ರವಾರವೇ ಗಂಡನನ್ನು ಕರೆದುಕೊಂಡು ಅಂಗಡಿಗೆ ಹೋಗಿದ್ದೆ. ಆ ಸೂಪರ್‌ಮಾರ್ಕೆಟ್ಟಿಗೆ ಎಷ್ಟೋ ವರ್ಷದಿಂದ ಹೋಗುತ್ತಿದ್ದರೂ ಮಾಂಸದ ಸಾಲಿಗೆ ಕಾಲಿಟ್ಟಿರಲಿಲ್ಲ. ಹಾಲಿನಲ್ಲಿ ಮಾತ್ರ ಕೊಬ್ಬಿನ ಲೆಕ್ಕ ಇರುತ್ತದೆ ಅಂದುಕೊಂಡಿದ್ದೆ, ಇಲ್ಲಿಯೂ ಕೊಬ್ಬು ಇಷ್ಟು, ಅಷ್ಟು ಎಂದು ಬರೆದಿತ್ತು. ನನ್ನ ಗಂಡ ಕಣ್ಣು ಬಿದ್ದ ಮೊದಲ ಪೊಟ್ಟಣವನ್ನು ಎರಡೇ ಬೆರಳಲ್ಲಿ ಎತ್ತಿ, ಒಂದರ ಮೇಲೊಂದು ಚೀಲ ಹಾಕಿ, ಕಾರಿನ ಡಿಕ್ಕಿಯಲ್ಲಿಟ್ಟು, ದಾರಿಯುದ್ದಕ್ಕೂ ಹಿಂದಿನ ಕನ್ನಡಿಯನ್ನೇ ನೋಡುತ್ತ ಡ್ರೈವ್ ಮಾಡಿದ.

ಮನೆಗೆ ಬಂದಮೇಲೆ ಹೊಳೆಯಿತು, ಇದನ್ನು ಇಡುವುದೆಲ್ಲಿ? ಫ್ರಿಜ್ಜಿನಲ್ಲಿ ದೋಸೆ ಹಿಟ್ಟು, ದೇವರ ಹೂವು, ಅತ್ತೆಯ ಕೆನೆ.

'ಅಜ್ಜನ ಫ್ರಿಜ್ಜಿನ್ಯಾಗ ಇಡಸ್ತೀನಿ' ಎಂದು ಗಂಡ ಹೊರಟ. ಅರ್ಧ ನಿಮಿಷದಲ್ಲಿ ಖಾಲಿ ಕೈಯಲ್ಲಿ, ಹಗುರ ಮುಖದಲ್ಲಿ ವಾಪಸ್ಸು ಬಂದ.

'ಏನಂತ ಹೇಳಿ ಕೊಟ್ಟೆ?'

'ಏನೂ ಹೇಳ್ಲಿಲ್ಲ. ಕೈಯಾಗ ಕೊಟ್ಟೆ, ಬಂದೆ. ಅದರ ಬಗ್ಗೆ ನಿಂತು ಏನ್ ಮಾತಾಡೂದು?'

ಶನಿವಾರ ಸಂಜೆ ಅಜ್ಜ ನಮ್ಮ ಬಾಗಿಲಿಗೆ ಬಂದರು. ಟೋಪಿ ತೆಗೆದು ಎದೆಗೆ ಒತ್ತಿಕೊಂಡರು. 'ಥ್ಯಾಂಕ್ಸ್. ಚೆನ್ನಾಗಿತ್ತು.'

'ಯಾವುದು?' ಎಂದೆ.

'ಬರ್ಗರ್. ನೀವು ಕೊಟ್ಟದ್ದರಲ್ಲಿ ಮಾಡಿದೆ. ಅವಳು ಮುಟ್ಟಲಿಲ್ಲ. ನಾನೇ ಎಲ್ಲ ತಿಂದೆ.' ಟೋಪಿ ಒಮ್ಮೆ ತಿರುಗಿಸಿದರು. 'ಅವಳು ನಿಮ್ಮ ಸ್ಯಾಂಡ್‌ವಿಚ್‌ಗೆ ಹಸಿವು ಉಳಿಸಿಕೊಂಡಿದ್ದಾಳಂತೆ.'

ಒಂದು ತಿಂಗಳ ಮಾತನ್ನು ಒಟ್ಟಿಗೇ ಆಡಿ ಅಜ್ಜ ಹೊರಟುಹೋದರು. ನನ್ನ ಗಂಡ ಕಾರಿನ ಕೀ ತೆಗೆದುಕೊಂಡ. ಈ ಸಲ ಪೊಟ್ಟಣದ ಜೊತೆಗೆ ಅದನ್ನಿಡಲು ಒಂದು ಐಸ್ ಬಾಕ್ಸನ್ನೂ ತಂದ.

೫. ಹ್ಯೂಸ್ಟನ್ನಿನ ಥಿಯರಿ

ಭಾನುವಾರ ಬೆಳಿಗ್ಗೆ, ಆಫೀಸಿನವರನ್ನು ಯಾರನ್ನಾದರೂ ಕೇಳಿ ಹೇಳಲಿ ಎಂದು, ನನ್ನ ಮೈದುನನಿಗೆ ಫೋನ್ ಮಾಡಿದೆ. ಅವನು ಹ್ಯೂಸ್ಟನ್ನಿನ ಎನರ್ಜಿ ಕಾರಿಡಾರ್‌ನಲ್ಲಿ ತೈಲ ಕಂಪನಿಯೊಂದರ ಇಂಜಿನಿಯರ್. ಒಂಟಿ ಜೀವ, ಅಚ್ಚುಕಟ್ಟು ಮನುಷ್ಯ. ನನ್ನ ಕೈಯಲ್ಲಿ ಹಿಟ್ಟಿತ್ತು, ಅದಕ್ಕೆ ಫೋನನ್ನು ಸ್ಪೀಕರಿನಲ್ಲಿಟ್ಟೆ. ಅತ್ತೆ ಎದುರಿಗೆ ಕೂತು ಚವಳಿಕಾಯಿ, ಅಂದರೆ ನಮ್ಮ ಗೋರಿಕಾಯಿ, ಬಿಡಿಸುತ್ತಿದ್ದರು. ಅದು ಅವನಿಗೆ ಗೊತ್ತಿರಲಿಲ್ಲ.

'ವೈನಿ, ಅಗದೀ ಸರಳ ಅದರಿ' ಎಂದು ಶುರುಮಾಡಿದ. 'ಜಿಡ್ಡು ಬಿಡ್ತದಲ್ಲ, ಅದನ್ನ ಬಸೀರಿ. ಪೂರಾ ಬಸೀಬ್ಯಾಡ್ರಿ ಮತ್ತ, ರುಚಿ ಎಲ್ಲಾ ಅದರಾಗ ಇರ್ತದ. ಬನ್ನಿಗೆ ಬೆಣ್ಣಿ ಹಚ್ಚಿ ಹಂಚಿನ ಮ್ಯಾಲ ಕೆಂಪಗ ಮಾಡ್ಕೋರಿ, ಇಲ್ಲಾಂದ್ರ ತೊಯ್ದು ಮುದ್ದಿ ಆಗ್ತದ. ಇದೇನ್ರೀ, ಹುಡುಗರಾಟ. ಬ್ರಿಸ್ಕೆಟ್ ಅಂತ ಇರ್ತದ ನೋಡ್ರಿ, ಎದಿ ಭಾಗದ ಇಡೀ ತುಂಡು, ಅದಕ್ಕ ಇಡೀ ದಿನ ಹೊಗಿ ಕೊಡಬೇಕು. ಕಟ್ಟಿಗಿನೂ ಓಕ್ ಮರದ್ದ ಆಗಬೇಕು. ಅದು ನಿಜವಾದ ಪರೀಕ್ಷಾ.'

'ನಿನಗೆ ಇಷ್ಟೆಲ್ಲ ಹೇಗಪ್ಪ ಗೊತ್ತು?'

'ಥಿಯರಿ ವೈನಿ. ಬರೇ ಥಿಯರಿ. ಆಫೀಸಿನ್ಯಾಗ ಮಂದಿ ಮಾತಾಡೂದು ಕಿವಿಗೆ ಬೀಳ್ತದ. ನಾ ಏನಿದ್ರೂ ಸಲಾಡ್ ಅಷ್ಟ. ಅಂದಂಗ, ಅವ್ವಗ ಹೇಳಬ್ಯಾಡ್ರಿ.'

ಅತ್ತೆ ಚವಳಿಕಾಯಿ ಬಿಟ್ಟು ಫೋನಿನ ಕಡೆ ಬಾಗಿದರು.

'ಥಿಯರಿಯೊಳಗ ನೀ ಮೊದಲಿಂದ್ಲೂ ಶಾಣ್ಯಾ ಇದ್ದೀ ತಮ್ಮಾ. ಪ್ರಾಕ್ಟಿಕಲ್ ಯಾವಾಗ?'

ಹ್ಯೂಸ್ಟನ್ನಿನಲ್ಲಿ ಆಗ ನೆಟ್‌ವರ್ಕ್ ಹೋಯಿತು. ಸಂಜೆಯವರೆಗೂ ಬರಲಿಲ್ಲ.

೬. ಮೂಗಿನ ಅಳತೆ

ಅಡುಗೆ ಹಿತ್ತಲಿನ ಪ್ಯಾಟಿಯೋದಲ್ಲಿ. ಮನೆಯೊಳಗೆ ಕರಿದ ವಾಸನೆ ಹಿಡಿಯದಿರಲಿ ಎಂದು ಬಜ್ಜಿ ಕರಿಯಲು ಇಟ್ಟುಕೊಂಡಿದ್ದ ಗ್ಯಾಸ್ ಒಲೆ ಅಲ್ಲೇ ಇತ್ತು. ಬಾಣಲೆ ಹೊಸದು, ಸೌಟು ಹೊಸದು. ಎರಡೂ ಊಟದ ಜೊತೆಗೇ ಪಕ್ಕದ ಮನೆಗೆ ಹೋಗತಕ್ಕವು. ನನ್ನ ಹದಿಮೂರರ ಮಗಳು ಪಕ್ಕದಲ್ಲಿ ನಿಂತು ಫೋನಿನಲ್ಲಿ ರೆಸಿಪಿ ಓದುತ್ತಿದ್ದಳು. ಗಂಡ ಗಾಳಿ ಬೀಸುವ ದಿಕ್ಕು ನೋಡುವ ಕೆಲಸ ವಹಿಸಿಕೊಂಡಿದ್ದ. ಅತ್ತೆ ಒಳಗೆ, ಜಾಲರಿ ಬಾಗಿಲ ಹಿಂದೆ, ಸೆರಗಿನಿಂದ ಮೂಗು ಮುಚ್ಚಿಕೊಂಡು ಕುರ್ಚಿ ಹಾಕಿ ಕೂತರು. ಬೇಡ ಅಂದರೂ ಎದ್ದು ಹೋಗಲಿಲ್ಲ.

ಪೊಟ್ಟಣ ಬಿಡಿಸಿ ಬಾಣಲೆಗೆ ಹಾಕುವಾಗ ಮಗಳು ನಿಟ್ಟುಸಿರು ಬಿಟ್ಟಳು. 'ಅಮ್ಮಾ, ಯು ಆರ್ ಹೋಲ್ಡಿಂಗ್ ಇಟ್ ಲೈಕ್ ಎ ಬಾಂಬ್.'

ಉಪ್ಪಿಟ್ಟಿನ ಗಂಟು ಒಡೆದ ಹಾಗೆ ಒಡೆದೆ. ಕೆಂಪಗಾದ ಮೇಲೆ ಈರುಳ್ಳಿ ಹಾಕಿದೆ, ರೇಷ್ಮೆ ಸೀರೆಯ ಆಂಟಿಯನ್ನು ನೆನೆದು. ಜಿಡ್ಡು ಬಸಿದೆ, ಪೂರ್ತಿ ಬಸಿಯಲಿಲ್ಲ. ಟೊಮ್ಯಾಟೊ ಬಿತ್ತು, ಉಪ್ಪು ಬಿತ್ತು. ಕುದಿಯತೊಡಗಿತು. ಸೌಟು ಎತ್ತಿ, ಅಂಗೈ ಚಾಚಿ, ಅಲ್ಲಿಗೇ ನಿಂತೆ. ರುಚಿ ನೋಡುವವರು ಯಾರು?

ಮಗಳ ಕಡೆ ನೋಡಿದೆ. 'ನೋ ವೇ.' ಗಂಡನ ಕಡೆ ನೋಡಿದೆ. ಅವನು ಗಾಳಿಯ ದಿಕ್ಕು ನೋಡುತ್ತಿದ್ದ.

'ಉಪ್ಪು ಸರಿಯಾಗಿದೆಯೋ ಇಲ್ಲವೋ ಗೊತ್ತಾಗೋದು ಹೇಗೆ? ಅಜ್ಜಿ ಇದನ್ನೂ ತಳ್ಳಿಬಿಟ್ಟರೆ?' ನನಗೆ ನಿಜಕ್ಕೂ ಅಳು ಬಂತು. ನಾಳೆ ಆಸ್ಪತ್ರೆ, ಇಂದು ಈ ಬಾಣಲೆ, ಮಧ್ಯೆ ಏನೂ ಇರಲಿಲ್ಲ.

ಜಾಲರಿಯ ಹಿಂದಿನಿಂದ ಅತ್ತೆ ರೇಗಿದರು. 'ಯಾಕವಾ ಹಿಂಗ ಮಾಡ್ತಿ? ದೇವರ ನೈವೇದ್ಯಕ್ಕ ಮಾಡೋ ಮುಂದ ರುಚಿ ನೋಡಿ ಮಾಡ್ತೀಯೇನು? ಮೂಗು ಎದಕ್ಕದ?'

ಹೌದಲ್ಲ! ನೈವೇದ್ಯಕ್ಕಿಟ್ಟು ಆಮೇಲೆ ಬಾಯಿಗೆ ಹಾಕುವವರೆಗೆ ಪಾಯಸಕ್ಕೆ ಸಿಹಿ ಸಾಕೋ ಬೇಕೋ ಯಾರಿಗೂ ತಿಳಿಯದ ಮನೆಯಲ್ಲಿ ತಾನೇ ನಾನು ಸಂಸಾರ ಮಾಡಿದ್ದು. ಬಾಣಲೆಯ ಮೇಲೆ ಬಾಗಿ ಮೂಸಿದೆ. ನನ್ನ ಮೂಗಿಗೆ ಏನೂ ಹೊಳೆಯಲಿಲ್ಲ.

ಅತ್ತೆ ಸೆರಗು ಅರ್ಧ ಇಂಚು ಸರಿಸಿದರು. ಮೂಗಿನ ಹೊಳ್ಳೆ ಅರಳಿತು. ತಕ್ಷಣ ಸೆರಗು ಮುಚ್ಚಿತು. 'ಉಪ್ಪು ಕಡಿಮಿ ಅದ.'

ಹಾಕಿದೆ. ಮತ್ತೆ ಸೆರಗು ಸರಿಯಿತು. 'ಹುಳಿ ಹೆಚ್ಚಾಗ್ಯದ. ಚೂರು ಬೆಲ್ಲ.'

ಹಾಕಿದೆ. ಸೆರಗು ಸರಿಯಿತು, ಮುಚ್ಚಲಿಲ್ಲ. 'ಭಾಳ ಸಪ್ಪಗ ವಾಸನಿ ಬರ್ಲಿಕ್ಕತ್ತದ. ಬಾಯಿ ಕೆಟ್ಟಾಕಿಗೆ ಸಪ್ಪನ್ನ ಹ್ಯಾಂಗ ಇಳೀಬೇಕು? ನಮ್ಮ ಮಸಾಲಿ ಖಾರ ತಂದು ಒಂದು ಚಮಚ ಹಾಕು.'

'ಅಜ್ಜೀ, ಇಟ್ಸ್ ನಾಟ್ ಇನ್ ದ ರೆಸಿಪಿ' ಎಂದಳು ಮಗಳು.

'ರೆಸಿಪಿಗೆ ಬಾಯಿ ಕೆಟ್ಟಿಲ್ಲ' ಎಂದರು ಅತ್ತೆ.

ಅತ್ತೆ ಧಾರವಾಡದಿಂದ ಕುಟ್ಟಿ ತಂದಿದ್ದ ಮಸಾಲಿ ಖಾರದ ಪುಡಿ ಬಿತ್ತು. ಬನ್ನುಗಳು ಬೆಣ್ಣೆಯಲ್ಲಿ ಕೆಂಪಗಾದವು. ಎಲ್ಲ ಮುಗಿದು ಒಲೆ ಆರಿಸಿದಾಗ ಅಭ್ಯಾಸಬಲದಿಂದ ಬಾಣಲೆಗೆ ಕೈಮುಗಿದುಬಿಟ್ಟೆ. ಯಾರಾದರೂ ನೋಡಿದರೇನೋ ಎಂದು ತಿರುಗಿದರೆ, ಗಾಳಿಯ ದಿಕ್ಕು ನೋಡುತ್ತಿದ್ದವನೂ ಕೈಮುಗಿದು ನಿಂತಿದ್ದ.

೭. ಪಿಕಪ್ಪಿನಲ್ಲಿ ಅತ್ತೆ

ಅಜ್ಜಿ ವರಾಂಡದಲ್ಲಿ ಕಾದು ಕೂತಿದ್ದರು. ಕೂದಲು ಬಾಚಿ ಲಿಪ್‌ಸ್ಟಿಕ್ ಹಚ್ಚಿಕೊಂಡಿದ್ದರು, ಒಂದು ಸ್ಯಾಂಡ್‌ವಿಚ್‌ಗಾಗಿ. ಅತ್ತೆಯೂ ನನ್ನ ಹಿಂದೆ ಬಂದು ಮೆಟ್ಟಿಲ ಕೆಳಗೆ ಹುಲ್ಲಿನ ಮೇಲೆ ನಿಂತರು. ಅ‍ಜ್ಜ ತಟ್ಟೆಯನ್ನು ಅಜ್ಜಿಯ ತೊಡೆಯ ಮೇಲಿಟ್ಟರು.

ಅಜ್ಜಿ ಎರಡು ಕೈಯಲ್ಲಿ ಎತ್ತಿ ಒಂದು ತುತ್ತು ಕಚ್ಚಿದರು. ಅಗಿದರು. ನಿಲ್ಲಿಸಿದರು.

'ಇದು ನಮ್ಮಮ್ಮ ಮಾಡ್ತಿದ್ದ ಹಾಗೆ ಒಂಚೂರೂ ಇಲ್ಲ' ಎಂದರು.

ಅಜ್ಜ ಟೋಪಿ ತೆಗೆದರು. ನಾನು ಸಾರಿ ಹೇಳಲು ಬಾಯಿ ತೆರೆದೆ.

'ನಮ್ಮಮ್ಮಂದು ಸಪ್ಪೆ ಇರ್ತಿತ್ತು, ಪಾಪ' ಎಂದರು ಅಜ್ಜಿ. ಮೂಗು ಸೋರುತ್ತಿತ್ತು, ಕಣ್ಣಲ್ಲಿ ನೀರು. 'ಇದು ಖಾರ ಇದೆ. ಖಾರ ಅಂತ ನನಗೆ ಗೊತ್ತಾಗ್ತಾ ಇದೆ! ಸಿಹಿನೂ ಗೊತ್ತಾಗ್ತಾ ಇದೆ!' ಎಂದು ಇನ್ನೊಂದು ತುತ್ತು ಕಚ್ಚಿದರು. ಮತ್ತೊಂದು. ಪಕ್ಕದಿಂದ ಸುರಿದದ್ದನ್ನು ಬೆರಳಲ್ಲಿ ಬಳಿದರು. ಎರಡನೆಯದಕ್ಕೆ ಕೈಚಾಚಿದಾಗ ಅಜ್ಜ ಆ ಕಡೆ ತಿರುಗಿ, ಬಹಳ ಹೊತ್ತು ತಮ್ಮ ಪಿಕಪ್ಪಿನ ಚಕ್ರವನ್ನೇ ನೋಡಿದರು.

ಕೈ ಒರೆಸಿಕೊಂಡು ಅಜ್ಜಿ ಹೇಳಿದರು, 'ಈಗ ನಮ್ಮ ಸರದಿ. ನಿಮಗೇನು ಬೇಕು? ಏನು ಬೇಕಾದರೂ ಕೇಳಿ.'

'ಅಯ್ಯೋ, ಏನೂ ಬೇಡ...' ಎಂದು ನನ್ನ ನಾಲಿಗೆ ಆಗಲೇ ಹೊರಟಿತ್ತು.

'ಆಕಿ ಏನಂದ್ಲು?' ಎಂದು ಅತ್ತೆ ಕೆಳಗಿನಿಂದ ಕೇಳಿದರು. ಹೇಳಿದೆ. ನಾಲ್ಕೇ ತಿಂಗಳಲ್ಲಿ ಅತ್ತೆ ಟೆಕ್ಸಸ್ಸಿನವರಾಗಿದ್ದರು. ಒಂದು ಕ್ಷಣವೂ ಯೋಚಿಸದೆ ಕೈಯೆತ್ತಿ ಪಿಕಪ್ ತೋರಿಸಿದರು. 'ಗುಡಿಗೆ ಹೋಗಬೇಕು. ಅದರಾಗ.'

ಮುಂದಿನ ಶನಿವಾರ ಬೆಳಿಗ್ಗೆ ಅಜ್ಜ ಪಿಕಪ್ ತೊಳೆದು, ಹತ್ತಲು ಒಂದು ಸ್ಟೂಲ್ ಇಟ್ಟು ನಿಂತರು. ಅತ್ತೆ ಇಳಕಲ್ ಸೀರೆ ಉಟ್ಟು, ಹಣ್ಣುಕಾಯಿ ಬುಟ್ಟಿ ಹಿಡಿದು, ಮುಂದಿನ ಸೀಟಿನಲ್ಲಿ ತೇರಿನಲ್ಲಿ ಕೂತ ಹಾಗೆ ಕೂತರು. ಅಜ್ಜಿ ವಾಕರ್ ಹಿಡಿದು ವರಾಂಡದ ಅಂಚಿನವರೆಗೆ ನಡೆದು ಬಂದು ಕೈಬೀಸಿದರು. ಕೆನ್ನೆ ಸ್ವಲ್ಪ ತುಂಬಿಕೊಂಡಿತ್ತು. ಅಡ್ಮಿಟ್ ಮಾಡುವ ಮಾತು ಬಿದ್ದುಹೋಗಿತ್ತು.

ಊಟದ ಹೊತ್ತಿಗೆ ಸವಾರಿ ವಾಪಸ್ಸಾಯಿತು. ಅತ್ತೆಯ ಮುಖ ಬೆಳಗುತ್ತಿತ್ತು.

'ಅವರಿಗೆ ಕನ್ನಡ ಬರಲ್ಲ, ನಿಮಗೆ ಇಂಗ್ಲಿಷ್ ಬರಲ್ಲ. ದಾರಿಯಲ್ಲಿ ಹೇಗೆ ಅತ್ತೆ?' ಎಂದೆ.

'ಭಾಳ ಛಲೋ ಮನಷ್ಯಾ. ನಡುವ ಮಾತಾಡೂದಿಲ್ಲ' ಎಂದರು. 'ಆದ್ರ ಇಷ್ಟು ದೂರ ಕರಕೊಂಡು ಹೋಗಿ ಬಂದಾರ, ಸುಮ್ನ ಇಳದು ಬರೂದು ಛಂದಲ್ಲ ನೋಡು. ಉಪಚಾರಕ್ಕಂತ ಒಂದು ಮಾತು ಅಂದೆ. ನೀ ಅಂತಿರ್ತೀಯಲ್ಲ, ಕೇಳಿ ಕೇಳಿ ನನಗೂ ಬಾಯಿಗೆ ಬಂದದ. ಆಸ್ಕ್ ಎನಿಥಿಂಗ್. ಶಿ ವಿಲ್ ಮೇಕ್.'

ನಾನು ಗಕ್ಕನೆ ತಿರುಗಿ ನೋಡಿದೆ. ಅಜ್ಜ ಅಲ್ಲೇ, ಟೋಪಿ ಎದೆಗೊತ್ತಿಕೊಂಡು ನಿಂತಿದ್ದರು. ಆ ವಾರದ ಮಾತನ್ನು ಅವರು ಇನ್ನೂ ಆಡಿರಲಿಲ್ಲ.

'ಬ್ರಿಸ್ಕೆಟ್' ಎಂದರು.

'ಓ, ಅಷ್ಟೇ...' ಎಂದು ಶುರುಮಾಡಿದ ನನ್ನ ನಾಲಿಗೆಯನ್ನು ನಾನೇ ಕಚ್ಚಿ ಹಿಡಿದೆ. ಅಷ್ಟರಲ್ಲಿ ಅತ್ತೆ ಬುಟ್ಟಿ ಕೆಳಗಿಟ್ಟು ಹ್ಯೂಸ್ಟನ್ನಿಗೆ ಫೋನ್ ಹಚ್ಚಿಯಾಗಿತ್ತು.

'ತಮ್ಮಾ, ಮುಂದಿನ ಐತವಾರ ಬಂದುಬಿಡು. ಬರೋ ಮುಂದ ಓಕ್ ಕಟ್ಟಿಗಿ ತಗೊಂಡು ಬಾ. ನಿನ್ನ ಪ್ರಾಕ್ಟಿಕಲ್ ಬಂತು.'